ಪ್ಲಾಸ್ಮಾ ಪೋಸ್ಟ್‌ಡಾಕ್ ಹುಡುಕುವವರಿಗೆ: ದೇಶಕ್ಕಿಂತ ಮೊದಲು ಯಂತ್ರ ನೋಡಿ

ಜೂನ್ ತಿಂಗಳಲ್ಲಿ ಕಾರವಾರದ ಬೈತಖೋಲ ಬಂದರಿಗೆ ಹೋದರೆ ಟ್ರಾಲರ್ ಬೋಟುಗಳೆಲ್ಲ ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ, ಅವು ಕಡಲಿಗೆ ಇಳಿಯುವ ಹಾಗಿಲ್ಲ. ಆ ಹೊತ್ತಿಗೆ ಯಾರಾದರೂ ಹೊಸಬ ಬಂದು ‘ಬೋಟಿನ ಕೆಲಸ ಕಲೀಬೇಕು’ ಅಂದರೆ ಬೋಟು ನಡೆಸುವ ತಾಂಡೇಲ ನಕ್ಕು, ಬಲೆ ಹೊಲಿಯಲು ಕೂರಿಸುತ್ತಾನೆ.

ನನ್ನ ಮೊದಲ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲೆ ಕೆಲವು ಕಾಲಕ್ಕೆ ಸಿಗುವ ಸಂಶೋಧನಾ ಕೆಲಸ, ಹೀಗೇ ಆಯಿತು. ಯುರೋಪಿನ ಒಂದು ಪ್ರಯೋಗಾಲಯ, ಹೆಸರು ಬೇಡ. ಎರಡು ವರ್ಷದ ಆರ್ಡರ್ ಹಿಡಿದು ಹೋದೆ. ಮೂರನೇ ತಿಂಗಳಿಗೆ ಯಂತ್ರ ರಿಪೇರಿಗೆ ನಿಂತಿತು. ಆರು ತಿಂಗಳು ಅಂದರು, ಹದಿನಾಲ್ಕು ತಿಂಗಳಾಯಿತು. ನಾನು ಹಳೇ ಡೇಟಾ ಕೆದಕುತ್ತಾ, ಬೇರೆಯವರ ಪೇಪರಿಗೆ ಗ್ರಾಫ್ ಹಾಕಿ ಕೊಡುತ್ತಾ ಕೂತೆ. ಬಲೆ ಹೊಲಿದೆ ಅನ್ನಿ. ಸೇರುವ ಮೊದಲು ‘ನಿಮ್ಮ ಯಂತ್ರ ಯಾವಾಗ ನಿಲ್ಲುತ್ತದೆ?’ ಅಂತ ಒಂದು ಸಾಲು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅವರೂ ಹೇಳಲಿಲ್ಲ.

ಈ ವರ್ಷ ನನ್ನ ಚಿಕ್ಕಮ್ಮನ ಮಗ ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಥೀಸಿಸ್ ಮುಗಿಸುವ ಹಂತಕ್ಕೆ ಬಂದಿದ್ದಾನೆ. ಮಳೆಗಾಲ ಶುರುವಾದ ವಾರ ನಾನು ಶಿರಸಿಯಿಂದ ಕಾರವಾರಕ್ಕೆ ಇಳಿದಿದ್ದೆ. ಅವನು ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ‘ಭಾರತ, ಜರ್ಮನಿ, ಜಪಾನ್’ ಅಂತ ಬರೆದುಕೊಂಡು ಕಾಯುತ್ತಿದ್ದ. ‘ಅಕ್ಕಾ, ಯಾವುದು ಒಳ್ಳೇದು ಹೇಳು’ ಅಂದ. ಹಾಳೆಯನ್ನು ಮಗುಚಿ ಹಾಕಿದೆ. ಗೆರೆ ಎಳೆದ ಜಾಗವೇ ತಪ್ಪಾಗಿತ್ತು.

ಚಿಕ್ಕಪ್ಪ ಕೈಗಾದಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಈ ಅಲೆದಾಟವೇ ಅರ್ಥವಾಗುವುದಿಲ್ಲ. ‘ಅಣು ಅಂದ್ರೆ ಅಣುವೇ ಅಲ್ವಾ? ಕೈಗಾಕ್ಕೇ ಅರ್ಜಿ ಹಾಕು’ ಅಂದರು. ಕೈಗಾದಲ್ಲಿ ಯುರೇನಿಯಂ ಪರಮಾಣು ಒಡೆಯುತ್ತಾರೆ, ನಮ್ಮ ಕಡೆಯವರು ಹೈಡ್ರೋಜನ್ ಪರಮಾಣುಗಳನ್ನು ಬೆಸೆಯಲು ಒದ್ದಾಡುತ್ತಿದ್ದಾರೆ ಅಂತ ವಿವರಿಸಿದೆವು. ‘ನಮ್ಮ ಒಂದನೇ ಘಟಕ 962 ದಿನ ಬಿಡದೇ ಓಡಿತ್ತು, 2018ರ ಡಿಸೆಂಬರ್ ಕೊನೇ ದಿನದವರೆಗೆ. ನಿಮ್ದು ಎಷ್ಟು ಓಡ್ತದೆ?’ ಅಂದರು. ಫ್ರಾನ್ಸಿನ ವೆಸ್ಟ್ ಅನ್ನುವ ಯಂತ್ರ 2025ರ ಫೆಬ್ರವರಿಯಲ್ಲಿ 1,337 ಸೆಕೆಂಡು ಪ್ಲಾಸ್ಮಾ ಹಿಡಿದಿಟ್ಟಿತ್ತು, ಅಂದರೆ 22 ನಿಮಿಷ, ಅಂದ ಇವನು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಚಾ ಸೋಸಲು ಒಳಗೆ ಹೋದರು.

ಎಂಥ ಪ್ಲಾಸ್ಮಾ, ಎಷ್ಟು ದೊಡ್ಡ ಯಂತ್ರ

ಪ್ಲಾಸ್ಮಾ ಅಂದ ಕೂಡಲೇ ನಮ್ಮೂರಲ್ಲಿ ‘ರಕ್ತದ್ದಾ?’ ಅನ್ನುತ್ತಾರೆ. ರಕ್ತದ್ದಲ್ಲ. ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿ, ವಿದ್ಯುತ್ ಹರಿಯುವಂತಾದ ಅನಿಲ. ಮೇ ತಿಂಗಳ ಸಿಡಿಲು, ವೆಲ್ಡಿಂಗ್ ಅಂಗಡಿಯ ಕಿಡಿ, ಸೂರ್ಯ, ಎಲ್ಲ ಪ್ಲಾಸ್ಮಾವೇ. ಇಷ್ಟು ಅಗಲದ ವಿಷಯದಲ್ಲಿ ಕೆಲಸಗಳೂ ಬೇರೆ ಬೇರೆ ಜಾತಿಯವು. ನನ್ನ ಲೆಕ್ಕದಲ್ಲಿ ಮೊದಲ ಆಯ್ಕೆ ಇಲ್ಲೇ ಆಗಬೇಕು. ದೇಶ ಆಮೇಲೆ.

ದೊಡ್ಡ ಯಂತ್ರ ಅಂದರೆ ಟೋಕಮಾಕ್, ಸ್ಟೆಲರೇಟರ್; ಎರಡೂ ಪ್ಲಾಸ್ಮಾವನ್ನು ಕಾಂತಬಲದಿಂದ ಬಳೆಯ ಆಕಾರದಲ್ಲಿ ಹಿಡಿದಿಡುವಂಥವು. ಗುಜರಾತಿನ ಗಾಂಧಿನಗರದ ಹತ್ತಿರ ಭಾಟ್‌ನಲ್ಲಿರುವ ಪ್ಲಾಸ್ಮಾ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಐಪಿಆರ್. ಅಲ್ಲಿ 1989ರಲ್ಲಿ ಶುರುವಾದ ‘ಆದಿತ್ಯ’ ಈಗ ಆದಿತ್ಯ-ಯು ಆಗಿದೆ, ಜೊತೆಗೆ ಎಸ್‌ಎಸ್‌ಟಿ-1 ಇದೆ. ಜರ್ಮನಿಯ ಗಾರ್ಕಿಂಗ್‌ನಲ್ಲಿ ಆಸ್ಡೆಕ್ಸ್ ಅಪ್‌ಗ್ರೇಡ್, ಗ್ರೈಫ್ಸ್‌ವಾಲ್ಡ್‌ನಲ್ಲಿ ವೆಂಡೆಲ್‌ಸ್ಟೈನ್ 7-ಎಕ್ಸ್. ಬ್ರಿಟನ್ನಿನ ಕಲ್ಹಮ್‌ನಲ್ಲಿ ಮಾಸ್ಟ್ ಅಪ್‌ಗ್ರೇಡ್, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಟಿಸಿವಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಡಿಐಐಐ-ಡಿ, ಕೊರಿಯಾದಲ್ಲಿ ಕೆಸ್ಟಾರ್. ಇವುಗಳ ಹೆಸರು ಸಿವಿಯಲ್ಲಿದ್ದರೆ ಮುಂದಿನ ಕೆಲಸಕ್ಕೆ ನಿಜಕ್ಕೂ ಬಲ.

ಆದರೆ ದೊಡ್ಡ ಯಂತ್ರ ಜಾಸ್ತಿ ನಿಲ್ಲುತ್ತದೆ. ವೆಂಡೆಲ್‌ಸ್ಟೈನ್ 2018ರ ಕೊನೆಗೆ ನಿಂತದ್ದು ಮತ್ತೆ ಓಡಿದ್ದು 2022ರಲ್ಲಿ, ಒಳಗೋಡೆಗೆ ನೀರು ಹರಿಸಿ ತಣಿಸುವ ಏರ್ಪಾಡು ಕೂರಿಸಿದ ಮೇಲೆ. ಪ್ರಿನ್ಸ್‌ಟನ್ನಿನ ಎನ್‌ಎಸ್‌ಟಿಎಕ್ಸ್-ಯು 2016ರಲ್ಲಿ ಕಾಂತದ ಒಂದು ಸುರುಳಿ (ಕಾಯಿಲ್) ಕೆಟ್ಟು ಕೂತದ್ದು ವರ್ಷಗಟ್ಟಲೆ ಏಳಲಿಲ್ಲ. ಕಲ್ಹಮ್‌ನ ಜೆಟ್ 1983ರಿಂದ ಓಡಿ 2023ರ ಡಿಸೆಂಬರ್‌ನಲ್ಲಿ ಪೂರ್ತಿ ಮುಚ್ಚಿತು. ಮುಚ್ಚುವ ಮೊದಲು ಒಂದೇ ಓಟದಲ್ಲಿ 69 ಮೆಗಾಜೂಲ್ ಶಕ್ತಿ ಹೊರತೆಗೆದ ದಾಖಲೆ ಬರೆಯಿತು, ಅದು ಬೇರೆ ಮಾತು. ಜಪಾನಿನ ಜೆಟಿ-60ಎಸ್‌ಎ 2023ರ ಅಕ್ಟೋಬರ್‌ನಲ್ಲಿ ಮೊದಲ ಪ್ಲಾಸ್ಮಾ ತೋರಿಸಿ, ಹೊಸ ಉಪಕರಣ ಕೂರಿಸಿಕೊಳ್ಳಲು ಮತ್ತೆ ನಿಂತಿತು.

ಇಷ್ಟು ಸಮಯ ಯಾಕೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಚಾಲಿ ಅಡಿಕೆ ಒಣಗಿಸಿದವರಿಗೆ ಬೇಗ ತಿಳಿಯುತ್ತದೆ. ಯಂತ್ರದ ಬಾಗಿಲು ಒಮ್ಮೆ ತೆಗೆದರೆ ಒಳಗೋಡೆಗೆ ಗಾಳಿಯ ತೇವ ಹಿಡಿಯುತ್ತದೆ. ಅಂಗಳದಲ್ಲಿ ಹರವಿದ ಅಡಿಕೆಗೆ ಅಕಾಲದ ಮಳೆ ಬಿದ್ದ ಹಾಗೆ. ಗೋಡೆಯನ್ನು ಬಿಸಿ ಮಾಡಿ, ಪಂಪಿನಲ್ಲಿ ಎಳೆದು ಎಳೆದು ತೇವ ತೆಗೆಯಬೇಕು. ಬರೀ ಅದಕ್ಕೇ ವಾರಗಟ್ಟಲೆ ಬೇಕು. ಸೋರಿಕೆ ಸಿಕ್ಕಿತೋ, ಮತ್ತೆ ಮೊದಲಿಂದ.

ಶಿರಸಿಯವರಿಗೆ ಎರಡು ವರ್ಷ ಅಂದರೆ ಒಂದು ಮಾರಿಕಾಂಬೆ ಜಾತ್ರೆಯಿಂದ ಇನ್ನೊಂದು ಜಾತ್ರೆ. ಪೋಸ್ಟ್‌ಡಾಕ್ ಅವಧಿಯೂ ಸಾಮಾನ್ಯವಾಗಿ ಅಷ್ಟೇ. ಅದರಲ್ಲಿ ಕೊನೆಯ ಆರು ತಿಂಗಳು ಮುಂದಿನ ಕೆಲಸ ಹುಡುಕಲು ಹೋಗುತ್ತದೆ. ಉಳಿದ ಒಂದೂವರೆ ವರ್ಷದಲ್ಲಿ ಯಂತ್ರ ಎಷ್ಟು ತಿಂಗಳು ಓಡುತ್ತದೆ? ಅದರಲ್ಲಿ ನಿಮ್ಮ ಪ್ರಯೋಗಕ್ಕೆ ಎಷ್ಟು ದಿನ? ಇಷ್ಟು ಕೇಳಿದ ಮೇಲೆ ದೇಶದ ಮಾತು.

ಈಟರ್ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ದಕ್ಷಿಣ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಆ ಯಂತ್ರದಲ್ಲಿ ಭಾರತವೂ ಪಾಲುದಾರ. ಅದನ್ನು ತಣ್ಣಗಿಡುವ ದೈತ್ಯ ಹೊರಪಾತ್ರೆ, ಅಂದರೆ ಕ್ರಯೋಸ್ಟಾಟ್‌ನ ಭಾಗಗಳು ತಯಾರಾದದ್ದು ನಮ್ಮ ಗುಜರಾತಿನ ಹಜೀರಾದಲ್ಲಿ. 2024ರಲ್ಲಿ ಹೊರಬಂದ ಹೊಸ ಯೋಜನೆಯ ಪ್ರಕಾರ ಅಲ್ಲಿ ಸಂಶೋಧನೆ ಶುರುವಾಗುವುದೇ 2034ಕ್ಕೆ. ಹಾಗಾಗಿ ಈಗ ಅಲ್ಲಿಗೆ ಹೋಗುವವರು ಪ್ಲಾಸ್ಮಾ ನೋಡಲು ಹೋಗುವುದಲ್ಲ, ಲೆಕ್ಕ ಮಾಡಲು, ಉಪಕರಣ ಕಟ್ಟಲು ಹೋಗುವುದು. ಮೊನಾಕೊ ಹಣ ಕೊಡುವ ಪೋಸ್ಟ್‌ಡಾಕ್ ಫೆಲೋಶಿಪ್ ಅಲ್ಲಿದೆ. ಅದೂ ನಮ್ಮ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ, ಐದೇ ಜನಕ್ಕೆ. ಭಾರತ ಸದಸ್ಯ ದೇಶವಾದ್ದರಿಂದ ನಮಗೆ ಅರ್ಹತೆ ಇದೆ. ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಇನ್ನು ಮೇಜಿನ ಮೇಲಿನ ಯಂತ್ರ. ನನ್ನ ಎರಡನೇ ಪೋಸ್ಟ್‌ಡಾಕ್ ಇಂಥದ್ದರಲ್ಲಿ. ಹಾಲಿನ ಕ್ಯಾನಿನಷ್ಟು ದೊಡ್ಡ ಉಕ್ಕಿನ ಡಬ್ಬಿ, ಒಂದು ಗಾಜಿನ ಕಿಟಕಿ, ಒಂದು ಪಂಪು. ಬೆಳಿಗ್ಗೆ ಹೋಗಿ ಹೈಡ್ರೋಜನ್ ಬಿಟ್ಟು ಸ್ವಿಚ್ ಹಾಕಿದರೆ ಕಿಟಕಿಯಲ್ಲಿ ಮುರುಗಲು ಪಾನಕದ ಬಣ್ಣ ಹತ್ತಿಕೊಳ್ಳುತ್ತದೆ. ಪ್ರೋಬ್ ಅನ್ನುವ, ಕೂದಲಷ್ಟು ತೆಳು ಟಂಗ್‌ಸ್ಟನ್ ತಂತಿಯನ್ನು ಅದರೊಳಗೆ ತೂರಿಸಿ, ಕರೆಂಟು ಅಳೆದು, ಸಂಜೆಯೊಳಗೆ ಡೇಟಾ ಹಿಡಿದು ಮನೆಗೆ ಬರಬಹುದು. ಕೆಟ್ಟರೆ ನಾವೇ ಬಿಚ್ಚುತ್ತೇವೆ, ನಾವೇ ಕೂಡಿಸುತ್ತೇವೆ. ಹದಿನಾಲ್ಕು ತಿಂಗಳಲ್ಲಿ ಆಗದ ಕೆಲಸ ಅಲ್ಲಿ ನಾಲ್ಕು ತಿಂಗಳಲ್ಲಿ ಆಯಿತು.

ಇದಕ್ಕೆ ಹೆಸರು ಕಡಿಮೆ, ಕೆಲಸ ಜಾಸ್ತಿ. ಚಿಪ್ ಮಾಡುವಾಗ ಸಿಲಿಕಾನನ್ನು ಕೊರೆಯುವುದು ಪ್ಲಾಸ್ಮಾ. ಅತಿ ಸೂಕ್ಷ್ಮ ಚಿಪ್‌ಗೆ ಬೇಕಾದ ಬೆಳಕು ಬರುವುದು ತವರದ ಹನಿಗೆ ಲೇಸರ್ ಹೊಡೆದಾಗ ಹುಟ್ಟುವ ಪ್ಲಾಸ್ಮಾದಿಂದ. ಉಪಗ್ರಹ ದೂಡುವ ಹಾಲ್ ಥ್ರಸ್ಟರ್ ಕೂಡ ಪ್ಲಾಸ್ಮಾ. ಬೆಂಗಳೂರಿನ ಬೆಲಾಟ್ರಿಕ್ಸ್ ಕಂಪನಿ ಅಂಥ ಥ್ರಸ್ಟರಿಗೆ ಬೇಕಾದ ಕ್ಯಾಥೋಡನ್ನು ಬಾಹ್ಯಾಕಾಶದಲ್ಲೇ ಪರೀಕ್ಷೆ ಮಾಡಿದೆ. ಈ ದಾರಿಯಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯ, ಗ್ರೈಫ್ಸ್‌ವಾಲ್ಡ್‌ನ ಪ್ಲಾಸ್ಮಾ ಸಂಸ್ಥೆ ಐಎನ್‌ಪಿ, ನಮ್ಮಲ್ಲಿ ಐಪಿಆರ್‌ನದೇ ಕೈಗಾರಿಕಾ ವಿಭಾಗ ಎಫ್‌ಸಿಐಪಿಟಿ, ಗುವಾಹಟಿ ಹತ್ತಿರ ಸೋನಾಪುರದ ಸಿಪಿಪಿ-ಐಪಿಆರ್ ನೋಡಬಹುದು. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ, ಹಬ್ಬಕ್ಕೆ ರಾತ್ರಿ ಬಸ್ಸಿಗೆ ಊರಿಗೆ ಬರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಪಕ್ಷಪಾತ ಅನ್ನಿ, ಪರವಾಗಿಲ್ಲ. ನಾನು ಹಾಗೇ ಬಂದವಳು.

ಕಂಪ್ಯೂಟರಿನಲ್ಲಿ ಪ್ಲಾಸ್ಮಾ ಓಡಿಸುವವರಿಗೆ ಯಂತ್ರ ನಿಂತರೂ ಚಿಂತೆಯಿಲ್ಲ. ಅವರು ಕೇಳಬೇಕಾದದ್ದು ಬೇರೆ: ಕೋಡ್ ಯಾರದು, ಬಿಟ್ಟು ಹೋಗುವಾಗ ಜೊತೆಗೆ ಒಯ್ಯಬಹುದಾ, ಸೂಪರ್‌ಕಂಪ್ಯೂಟರಿನಲ್ಲಿ ಎಷ್ಟು ಗಂಟೆ ಸಿಗುತ್ತದೆ.

ಬಾಹ್ಯಾಕಾಶ ಪ್ಲಾಸ್ಮಾ ಈಗ ನಮ್ಮ ದೇಶದಲ್ಲೇ ಗಟ್ಟಿಯಾಗಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಸೌರಗಾಳಿಯ ಕಣಗಳನ್ನು ಅಳೆಯುತ್ತಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್), ಬೆಂಗಳೂರಿನ ಖಭೌತ ಸಂಸ್ಥೆ (ಐಐಎ), ನವಿ ಮುಂಬೈಯ ಭೂಕಾಂತತ್ವ ಸಂಸ್ಥೆ, ಮೂರೂ ಕಡೆ ಕೇಳಿ ನೋಡಬಹುದು. ಆದಿತ್ಯ ಅಂದರೆ ಗಾಂಧಿನಗರದ ಯಂತ್ರವೋ ಉಪಗ್ರಹವೋ ಅಂತ ಅರ್ಜಿಯಲ್ಲಿ ಸರಿಯಾಗಿ ಬರೆಯಿರಿ. ಇಲ್ಲದಿದ್ದರೆ ಓದುವವರು ತಲೆ ಕೆರೆದುಕೊಳ್ಳುತ್ತಾರೆ.

ಪ್ರಾಜೆಕ್ಟ್ ಹುದ್ದೆಯೋ, ಸ್ವಂತ ಫೆಲೋಶಿಪ್ಪೋ

ಇದು ಎರಡನೇ ಗೆರೆ. ಪ್ರಾಜೆಕ್ಟ್ ಹುದ್ದೆ ಅಂದರೆ ಪ್ರೊಫೆಸರ್ ಹತ್ತಿರ ಆಗಲೇ ಹಣ ಇದೆ, ಕೆಲಸವೂ ಗೊತ್ತಾಗಿದೆ, ಕೈ ಬೇಕು. ಎರಡು ಮೂರು ತಿಂಗಳಲ್ಲಿ ತೀರ್ಮಾನ ಆಗುತ್ತದೆ. ಆದರೆ ಜಾಹೀರಾತಿನಲ್ಲಿ ‘ಎರಡು ವರ್ಷ’ ಅಂತಿದ್ದರೂ ಆರ್ಡರಿನಲ್ಲಿ ‘ಒಂದು, ಮತ್ತೆ ಒಂದು’ ಅಂತಿರಬಹುದು. ಆ ಎರಡನೇ ಒಂದರ ಹಣ ಮಂಜೂರಾಗಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಸ್ವಂತ ಫೆಲೋಶಿಪ್ ಅಂದರೆ ಹಣ ನಿಮ್ಮ ಹೆಸರಲ್ಲಿ. ಗೌರವ ಜಾಸ್ತಿ, ಕಾಯುವುದೂ ಜಾಸ್ತಿ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ಪಿಗೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಕೊನೇ ದಿನ. ಫಲಿತಾಂಶಕ್ಕೆ ಮುಂದಿನ ವರ್ಷ ಬರಬೇಕು. ಇದರಲ್ಲೊಂದು ಗುಂಡಿ ಇದೆ. ಕೊನೇ ದಿನಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ನೀವು ಹೋಗಬೇಕೆಂದಿರುವ ದೇಶದಲ್ಲೇ ಇದ್ದರೆ ಅಲ್ಲಿಗೆ ಅರ್ಜಿ ಹಾಕುವಂತಿಲ್ಲ. ಅಂದರೆ ಮೊದಲು ಜರ್ಮನಿಗೆ ಪ್ರಾಜೆಕ್ಟಿನಲ್ಲಿ ಹೋಗಿ, ಒಂದೂವರೆ ವರ್ಷದ ಮೇಲೆ ಅಲ್ಲೇ ಮೇರಿ ಕ್ಯೂರಿ ಹಾಕೋಣ ಅಂದರೆ ಬಾಗಿಲು ಮುಚ್ಚಿರುತ್ತದೆ. ಊರಿಂದಲೇ ಹಾಕುವವರಿಗೆ ಎಲ್ಲ ದೇಶವೂ ತೆರೆದಿದೆ. ಇನ್ನೊಂದು, ಅಲ್ಲಿ ಬರೆದಿರುವ ದೊಡ್ಡ ಮೊತ್ತ ಕೈಗೆ ಬರುವುದಲ್ಲ. ಸಂಸ್ಥೆ ಕಟ್ಟುವ ವಿಮೆ, ತೆರಿಗೆ ಎಲ್ಲ ಅದರಲ್ಲೇ ಕಳೆಯುತ್ತದೆ.

ಜರ್ಮನಿಯ ಹಂಬೋಲ್ಟ್ ಫೆಲೋಶಿಪ್ಪಿಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು, ಆರರಿಂದ 24 ತಿಂಗಳವರೆಗೆ ಸಿಗುತ್ತದೆ. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್ಪಿನಲ್ಲಿ ಅರ್ಜಿ ಹಾಕುವುದು ನಾವಲ್ಲ, ಅಲ್ಲಿಯ ಪ್ರೊಫೆಸರ್. ಅವರಿಗೆ ನಿಮ್ಮ ಕೆಲಸ ಮೊದಲೇ ಗೊತ್ತಿರಬೇಕು. ಡಾಕ್ಟರೇಟ್ ಆಗಿ ಆರು ವರ್ಷದೊಳಗಿರಬೇಕು.

ಭಾರತದಲ್ಲಿ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ಮೊದಲು ಸರ್ಬ್ ಅನ್ನುವ ಸರ್ಕಾರಿ ಮಂಡಳಿ ಕೊಡುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ಕೈಯಲ್ಲಿದೆ. ಎರಡು ವರ್ಷ, ವಯಸ್ಸು 35ರೊಳಗೆ, ಹೆಂಗಸರಿಗೆ ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ಸಡಿಲ. ಪ್ರಾಜೆಕ್ಟಿನ ರಿಸರ್ಚ್ ಅಸೋಸಿಯೇಟ್ ಆದರೆ 2023ರ ದರದಂತೆ ತಿಂಗಳಿಗೆ 58,000, 61,000 ಅಥವಾ 67,000 ರೂಪಾಯಿ, ಅನುಭವ ನೋಡಿ. ಮೇಲೆ ಮನೆ ಬಾಡಿಗೆ ಭತ್ಯೆ. ಗಾಂಧಿನಗರದಲ್ಲಿ ಒಬ್ಬರು ಇದರಲ್ಲಿ ಆರಾಮಾಗಿ ಬದುಕಬಹುದು. ಕಾರವಾರದಿಂದ ಕೊಂಕಣ ರೈಲು ಹತ್ತಿದರೆ ನೇರ ಅಹಮದಾಬಾದಿಗೆ ಇಳಿಯಬಹುದು, ಅದೂ ಒಂದು ಲೆಕ್ಕ. ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದಾಗ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ.

ವೀಸಾ ಬಗ್ಗೆ ಚುಟುಕಾಗಿ. ಬ್ರಿಟನ್ನಿಗೆ ಹೋಗುವ ನಮ್ಮ ಸಂಶೋಧಕರಿಗೆ ವೀಸಾಕ್ಕಿಂತ ಮೊದಲು ಅಟಾಸ್ ಅನ್ನುವ ಅನುಮತಿ ಬೇಕಾಗುತ್ತದೆ. ಅದಕ್ಕೆ ವಾರಗಟ್ಟಲೆ ಕಾಯಬೇಕು. ಅಮೆರಿಕಕ್ಕೆ ಪೋಸ್ಟ್‌ಡಾಕ್‌ಗಳು ಸಾಮಾನ್ಯವಾಗಿ ಜೆ-1 ವೀಸಾದಲ್ಲಿ ಹೋಗುತ್ತಾರೆ, ಐದು ವರ್ಷದವರೆಗೆ. ಗಂಡನಿಗೋ ಹೆಂಡತಿಗೋ ಅಲ್ಲಿ ಕೆಲಸದ ಅನುಮತಿ ಕೇಳುವ ಅವಕಾಶ ಇದೆ. ವಾಪಸ್ ಬಂದು ಎರಡು ವರ್ಷ ಊರಲ್ಲೇ ಇರಬೇಕು ಅನ್ನುವ ನಿಯಮ ಸರ್ಕಾರದ ಹಣದಲ್ಲಿ ಹೋದವರಿಗೆ ಅಂಟುತ್ತದೆ. ನಿಮ್ಮ ಹಣದ ಮೂಲ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹುಡುಕುವುದು ಎಲ್ಲಿ, ಬರೆಯುವುದು ಹೇಗೆ

ಜಾಹೀರಾತು ನೋಡಲು ಯುರೋಪಿಗೆ ಯುರಾಕ್ಸೆಸ್ ಅನ್ನುವ ಜಾಲತಾಣ ಇದೆ, ಐಪಿಆರ್ ತನ್ನದನ್ನು ತಾನೇ ಹಾಕುತ್ತದೆ. ಆದರೆ ನನಗೆ ಗೊತ್ತಿರುವ ಹೆಚ್ಚಿನವರಿಗೆ ಕೆಲಸ ಸಿಕ್ಕಿದ್ದು ಜಾಹೀರಾತು ಬರುವ ಮೊದಲೇ ಬರೆದ ಪತ್ರದಿಂದ, ಇಲ್ಲವೇ ಸಮ್ಮೇಳನದ ಪೋಸ್ಟರ್ ಮುಂದೆ ಆದ ಮಾತಿನಿಂದ. ನಮ್ಮಲ್ಲಿ ಪ್ಲಾಸ್ಮಾ ಸೈನ್ಸ್ ಸೊಸೈಟಿ ಆಫ್ ಇಂಡಿಯಾದ ವಾರ್ಷಿಕ ಸಮ್ಮೇಳನ ತಪ್ಪಿಸಬೇಡಿ. ಪೋಸ್ಟರ್ ಪಕ್ಕದಲ್ಲಿ ನಿಂತಿರಿ. ಊಟದ ಸಾಲಿಗೆ ಎಲ್ಲರಿಗಿಂತ ಮೊದಲು ಓಡಬೇಡಿ.

ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮ, ಬರೆದ ಮೊದಲ ಪತ್ರ ‘ರೆಸ್ಪೆಕ್ಟೆಡ್ ಸರ್, ಐ ಆಮ್ ಹೈಲಿ ಮೋಟಿವೇಟೆಡ್’ ಅಂತ ಶುರುವಾಗಿತ್ತು. ಹೆಸರು ಬದಲಿಸಿ ನಲವತ್ತು ಜನಕ್ಕೆ ಕಳಿಸಿದ್ದ. ಮೂರು ಉತ್ತರ ಬಂದಿತ್ತು, ಎರಡು ತಾನಾಗೇ ಹೋಗುವ ರಜೆಯ ಉತ್ತರ. ‘ನಿನ್ನ ಥೀಸಿಸ್‌ನಲ್ಲಿ ನಿನಗೆ ನಿದ್ದೆ ಕೆಡಿಸಿದ್ದು ಯಾವುದು?’ ಅಂತ ಕೇಳಿದೆ. ಗೋಡೆಯ ಹತ್ತಿರ ಎಲೆಕ್ಟ್ರಾನ್ ತಾಪಮಾನ ಸುಮ್ನೆ ಜಾಸ್ತಿ ತೋರಿಸುತ್ತಿತ್ತಂತೆ. ಎರಡು ತಿಂಗಳು ಹೊಸ ಭೌತಶಾಸ್ತ್ರ ಸಿಕ್ಕಿತು ಅಂದುಕೊಂಡಿದ್ದ. ಕೊನೆಗೆ ನೋಡಿದರೆ ತಂತಿಯ ತುದಿಗೆ ಕೊಳೆಯ ಪದರ ಕೂತಿತ್ತು. ತಂತಿಯನ್ನು ಕೆಂಪಗೆ ಕಾಯಿಸಿ ಕೊಳೆ ಸುಟ್ಟ ಮೇಲೆ ಅಳತೆ ಸರಿಯಾಯಿತು. ‘ಇದನ್ನೇ ಬರಿ’ ಅಂದೆ. ‘ತಪ್ಪಾಗಿದ್ದನ್ನ ಬರೀಲಾ?’ ಅಂದ. ತಪ್ಪು ಹಿಡಿದದ್ದನ್ನು ಬರಿ. ಅವರ ಪೇಪರಿನ ಯಾವ ಚಿತ್ರದಲ್ಲಿ ಅಂಥದ್ದೇ ಏರಿಕೆ ಕಾಣುತ್ತದೆ ಹೇಳು, ನೀನು ಅದನ್ನು ಹೇಗೆ ಪರೀಕ್ಷೆ ಮಾಡುತ್ತೀಯ ಅಂತ ಎರಡು ಸಾಲು ಸೇರಿಸು. ಕೆಳಗೆ ಯಂತ್ರದ ಕ್ಯಾಲೆಂಡರ್ ಬಗ್ಗೆ ಒಂದು ಸಾಲು. ಅಲ್ಲಿಗೆ ಮುಗಿಸು.

ಇಂಥ ಪತ್ರ ದಿನಕ್ಕೆ ಒಂದು ಬರೆಯಲು ಆಗುತ್ತದೆ, ನಲವತ್ತು ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಹಾಗೇ ಆ ಗುಂಪಿನಿಂದ ಈಚೆಗೆ ಹೊರಬಿದ್ದ ಒಬ್ಬರಿಗೂ ಬರೆಯಿರಿ. ಒಳಗಿರುವವರು ‘ಎಲ್ಲ ಚೆನ್ನಾಗಿದೆ’ ಅನ್ನುತ್ತಾರೆ. ಹೊರಗೆ ಬಂದವರು ‘ಫೋನ್ ಮಾಡಿ’ ಅನ್ನುತ್ತಾರೆ, ಬರೆದು ತಿಳಿಸುವುದಿಲ್ಲ. ಆ ಫೋನಿನಲ್ಲೇ ಇರುವುದು ವಿಷಯ.

ಸಂದರ್ಶನ ಮಳೆಗಾಲದಲ್ಲಿ ಬಂದರೆ ಮನೆಯಲ್ಲಿ ಕೂರಬೇಡಿ, ದಯವಿಟ್ಟು. ನನ್ನ ಎರಡನೇ ಸಂದರ್ಶನ ಶಿರಸಿ ಮನೆಯ ಅಟ್ಟದಲ್ಲಿ. ಮೇಲೆ ತಗಡು. ಜುಲೈ. ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಮಳೆ ಹೊಡೆಯಿತು. ಆ ಕಡೆಯವರು ‘ನಿಮ್ಮ ವ್ಯಾಕ್ಯೂಮ್ ಪಂಪ್ ಓಡುತ್ತಿದೆಯಾ?’ ಅಂತ ಕೇಳಿದರು. ಮಳೆ ಅಂದೆ. ನಂಬಲಿಲ್ಲ. ಲ್ಯಾಪ್‌ಟಾಪ್ ಎತ್ತಿ ಕಿಟಕಿಯಾಚೆ ತೋಟ ತೋರಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆಯಿ ಕೆಳಗಿಂದ ‘ಇನ್ವರ್ಟರ್ ಹಾಕಲಾ?’ ಅಂತ ಕೂಗಿದ್ದೂ ಅವರಿಗೆ ಕೇಳಿಸಿತು. ಕೆಲಸ ಸಿಕ್ಕಿತು, ಆದರೆ ಅದೃಷ್ಟದ ಮೇಲೆ ಬಿಡಬೇಡಿ. ಪೇಟೆಯಲ್ಲಿ ಒಳ್ಳೆ ಇಂಟರ್ನೆಟ್ ಇರುವ ಗುರುತಿನವರ ಆಫೀಸು ಕೇಳಿಟ್ಟುಕೊಳ್ಳಿ.

ನನ್ನ ತಮ್ಮ ತನ್ನ ಹೊಸ ಪತ್ರವನ್ನು ಮೂರೇ ಜನಕ್ಕೆ ಕಳಿಸಿದ. ಜರ್ಮನಿಯ ಉತ್ತರ ಐದನೇ ದಿನಕ್ಕೆ ಬಂತು. ಕೊಳೆ ಹಿಡಿದ ತಂತಿಯ ಬಗ್ಗೆ ನಾಲ್ಕು ಸಾಲು, ಕ್ಯಾಲೆಂಡರ್ ಬಗ್ಗೆ ಎರಡು ಸಾಲು. ದೊಡ್ಡ ಯಂತ್ರ ಬರುವ ಏಪ್ರಿಲ್‌ನಲ್ಲಿ ನಿಲ್ಲುತ್ತದೆ, ಕಡಿಮೆ ಅಂದರೂ ಹತ್ತು ತಿಂಗಳು. ಆದರೆ ಪ್ರೋಬ್ ಪರೀಕ್ಷೆಗೆ ಅಂತ ಪಕ್ಕದ ಕೋಣೆಯಲ್ಲಿ ಒಂದು ಸಣ್ಣ ಯಂತ್ರ ಇದೆ, ಅದರಲ್ಲಿ ಕೆಲಸ ಮಾಡಲು ಇಷ್ಟವಾ?

ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಆ ಉತ್ತರವನ್ನು ತಾವೂ ಓದಿದರು.

‘ಈ ಸಣ್ಣದು ಎಷ್ಟು ಹೊತ್ತು ಓಡ್ತದೆ?’

‘ದಿನವಿಡೀ ಓಡ್ತದೆ ಅಪ್ಪಾ. ನಾವು ಸ್ವಿಚ್ ತೆಗೆಯೋವರೆಗೂ.’

‘ಹಾಂ’ ಅಂದರು ಚಿಕ್ಕಪ್ಪ. ‘ಇದಕ್ಕೆ ಬರಿ ಹಾಂಗಾದ್ರೆ.’